ಹಿಂದಿನ ಹಲಗೆ

ಮನೆ, ಊಟದ ಮೇಜಿನಿಂದ
ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಕುತ್ತಿಗೆ ನೋವು ಹೇಗಿದೆ? ಸಮುದ್ರದ ನಡುವೆ ಇಡೀ ದಿನ ಆ ಕ್ರೇನಿನ ಗೂಡಿನಲ್ಲಿ ಕೂತು ಕೆಳಗೆ ಬಗ್ಗಿ ನೋಡಿದರೆ ಕುತ್ತಿಗೆ ಹಿಡಿಯದೆ ಇನ್ನೇನಾಗುತ್ತದೆ? ಬಿಸಿನೀರಿನ ಚೀಲ ಇಟ್ಟುಕೋ ಎಂದರೆ ಆಯ್ತು ಎನ್ನುತ್ತೀಯ, ಇಟ್ಟುಕೊಳ್ಳುವುದಿಲ್ಲ. ನಿನ್ನನ್ನು ಹುಟ್ಟಿದಾಗಿನಿಂದ ಬಲ್ಲೆ. ಸಮುದ್ರದ ಉಪ್ಪುಗಾಳಿಗೆ ಬೂಟು ಬಿರುಕು ಬಿಟ್ಟಿದೆ ಎಂದಿದ್ದೆಯಲ್ಲ, ಹೊಸದು ತೆಗೆದುಕೊಂಡೆಯಾ? ನಾವು ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಹತ್ತುವಾಗ ಗೊಣಗುತ್ತದೆ, ಇಳಿಯುವಾಗ ಬೈಯುತ್ತದೆ. ನಿನ್ನ ಹೆಂಡತಿಗೆ ಆಸ್ಪತ್ರೆಯ ಔಷಧಿ ಅಂಗಡಿಯಲ್ಲಿ ಕೊನೆಗೂ ಬೆಳಗಿನ ಪಾಳಿ ಕೊಟ್ಟರು, ಸಂಜೆಯಾದರೆ ಮನೆಯಲ್ಲಿರುತ್ತಾಳೆ. ನಿನ್ನ ಮಗಳು, ನಮ್ಮ ತಕರಾರು, ಈಗ ನನ್ನ ಭುಜದ ಎತ್ತರಕ್ಕೆ ಬಂದಿದ್ದಾಳೆ. ಹೋದ ವರ್ಷದ ಸಮವಸ್ತ್ರ ಹಾಕಿಕೊಂಡರೆ ಮಣಿಕಟ್ಟು ಪೂರ್ತಿ ಹೊರಗೆ.

ಫೋನಿನಲ್ಲಿ ಹೇಳುವುದು ಬಿಟ್ಟು ಕಾಗದ ಯಾಕೆ ಬರೆಯುತ್ತಿದ್ದಾನೆ ಮುದುಕ ಎಂದು ನೀನು ಯೋಚಿಸುತ್ತಿರಬಹುದು. ಶುಕ್ರವಾರದ ಫೋನಿನ ಗತಿ ನಿನಗೇ ಗೊತ್ತು. ಮಾತು ಮುಖ್ಯವಾದ ಕಡೆಗೆ ಬಂತು ಎನ್ನುವಷ್ಟರಲ್ಲಿ ನಿನ್ನ ಮುಖ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಡುತ್ತದೆ. ಅಲ್ಲದೆ ನಿನ್ನ ಮಗಳು ಪಕ್ಕದಲ್ಲೇ ಇರುತ್ತಾಳೆ. ಇದು ಅವಳ ಎದುರು ಆಡುವ ಮಾತಲ್ಲ. ಸುತ್ತಿ ಬಳಸದೆ ಹೇಳುತ್ತೇನೆ, ಕೇಳು. ಅವಳ ಆಟದ ಕುದುರೆ ಪರದೆಯ ಮೇಲೆ ಕುಂಟುತ್ತದೆ ಎಂದು ನೀನು ಅಂಗಡಿಯವನಿಗೆ ಹೇಳಿ ಕಳಿಸಿದ ಆ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಅವಳ ಕಂಪ್ಯೂಟರಿನಲ್ಲಿ ಇಲ್ಲ. ಅದರದೇ ಡಬ್ಬಿಯಲ್ಲಿ, ನನ್ನ ಬೀರುವಿನಲ್ಲಿ, ಉಣ್ಣೆ ಶಾಲಿನ ಕೆಳಗಿದೆ. ಅದನ್ನು ಅಂಗಡಿಗೆ ವಾಪಸು ಕೊಟ್ಟು ಅದರ ಬದಲಿಗೆ ಹೊಂದುವಂಥವು ತರಬೇಕು. ಅದಕ್ಕೆ ನಿನ್ನ ಒಪ್ಪಿಗೆ ಬೇಕು. ಅವಳಾಗಿ ನಿನ್ನನ್ನು ಕೇಳುವುದಿಲ್ಲ, ಸತ್ತರೂ ಕೇಳುವುದಿಲ್ಲ. ಯಾಕೆ ಎಂಬುದನ್ನು ಹೇಳಬೇಕಾದರೆ ಮೊದಲು ನನ್ನ ಪೆಟ್ಟಿಗೆಯ ಕಥೆ ಹೇಳಬೇಕು. ನಗಬೇಡ.

ಕಾರ್ಡ್ ಬಂದ ದಿನ ಮನೆಯಲ್ಲಿ ಮದುವೆಯ ಸಡಗರ. ಇದೇ ಮೇಜಿನ ಮೇಲೆ ಟವಲು ಹಾಸಿ, ಕೈ ತೊಳೆದುಕೊಂಡು ಬಂದು ಡಬ್ಬಿ ಬಿಚ್ಚಿದಳು. ಅಬ್ಬಬ್ಬಾ, ಅದೇನು ಗಾತ್ರ ಕಣೋ! ಮೂರು ಫ್ಯಾನು, ಇಟ್ಟಿಗೆಯ ತೂಕ. ಮಗುವನ್ನು ಎತ್ತಿಕೊಂಡ ಹಾಗೆ ಎದೆಗೊತ್ತಿಕೊಂಡು ಮನೆಯೆಲ್ಲ ತಿರುಗಾಡಿದಳು. ಆಮೇಲೆ ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ ನೋಡಿದರೆ ಕಾರ್ಡ್ ಒಳಗೆ ಹೋಗುವುದೇ ಇಲ್ಲ. ಮುಂದುಗಡೆ ಹಾರ್ಡ್ ಡಿಸ್ಕ್ ಕೂರಿಸುವ ಚೌಕಟ್ಟು ಅಡ್ಡ. ಓರೆ ಮಾಡಿದೆವು, ಸೊಟ್ಟ ಮಾಡಿದೆವು, ಬೆರಳು ಕೊಯ್ದುಕೊಂಡೆವು. ಅಂಗಡಿಯವನನ್ನು ಕೇಳಿದರೆ ಕ್ಯಾಬಿನೆಟ್ ಬದಲಾಯಿಸಬೇಕು, ಪವರ್ ಸಪ್ಲೈಯನ್ನೂ ಬದಲಾಯಿಸಬೇಕು, ಹಳೆಯದು ಇದರ ಹೊಟ್ಟೆ ತುಂಬಿಸಲಾರದು ಎಂದ. ಪವರ್ ಸಪ್ಲೈ ಸರಿ, ಅದು ನನಗೆ ಗೊತ್ತಿಲ್ಲದ ವಿದ್ಯೆ, ತಂದೆವು. ಆದರೆ ಕ್ಯಾಬಿನೆಟ್ಟು? ಮನೆಯಲ್ಲಿ ಬಡಗಿಯನ್ನು ಇಟ್ಟುಕೊಂಡು ತಗಡಿನ ಡಬ್ಬ ಕೊಳ್ಳುವುದೇ? ಈ ಬೀದಿಯಲ್ಲಿ ನಾನು ಮಾಡಿದ ಬೀರು ಇಲ್ಲದ ಮನೆ ತೋರಿಸು ನೋಡೋಣ.

ನಿಮ್ಮಮ್ಮನ ಹೊಲಿಗೆ ಮೇಜಿಗೆಂದು ತೆಗೆದಿಟ್ಟಿದ್ದ ತೇಗದ ಹಲಗೆಗಳಿದ್ದವಲ್ಲ, ಅವನ್ನೇ ತೆಗೆದೆ. ಉಳಿ ಮಸೆದೆ. ಎಷ್ಟೋ ದಿನಗಳ ಮೇಲೆ ಹಿತ್ತಲ ಕೊಟ್ಟಿಗೆಯಲ್ಲಿ ಮರದ ಹೊಟ್ಟು ಬಿತ್ತು. ಒಂದು ಮೊಳೆ ಹೊಡೆಯಲಿಲ್ಲ, ಎಲ್ಲ ಮರಕ್ಕೆ ಮರ ಕಚ್ಚಿಸಿದ ಕೂಡು. ಹಿಂದಿನ ಹಲಗೆ ತೋಡಿನಲ್ಲಿ ಜಾರಿಕೊಂಡು ಬಂದು ಕೂರುವ ಹಾಗೆ ಮಾಡಿದೆ. ಕೂತಿತು ಎಂದರೆ ಕೂದಲು ತೂರಿಸಲು ಜಾಗವಿಲ್ಲ. ತಂತಿಗಳಿಗೆ ಮೂಲೆಯಲ್ಲಿ ಒಂದು ಸಣ್ಣ ತೂತು ಅಷ್ಟೇ. ಕಂಪ್ಯೂಟರಿನ ಮದರ್‌ಬೋರ್ಡನ್ನು ಹಿತ್ತಾಳೆಯ ಪುಟ್ಟ ಕಾಲುಗಳ ಮೇಲೆ ಅವಳೇ ಕೂರಿಸಿದಳು, ಅಷ್ಟು ಸಣ್ಣ ಸ್ಕ್ರೂ ನನ್ನ ಕಣ್ಣಿಗೆ ಬೀಳುವುದಿಲ್ಲವೆಂದು. ಮೂರು ಕೈ ಪಾಲಿಶ್ ಹೊಡೆದೆ. ನಿನ್ನ ಹೆಂಡತಿ ಬಂದು ನೋಡಿ, "ಮಾವ, ಚೆನ್ನಾಗಿದೆ, ಆದ್ರೆ ಇದು ಬೀರು ಅಲ್ವಲ್ಲ, ಇದಕ್ಕೆ ಗಾಳಿ ಬೇಡ್ವಾ?" ಎಂದಳು. ನಾನು ಮಾಡಿದ ಬೀರುವಿನೊಳಗೆ ಇವತ್ತಿನವರೆಗೆ ಒಂದು ಜಿರಲೆ ಹೋಗಿಲ್ಲಮ್ಮ ಎಂದು ಜಂಬದಿಂದ ಹೇಳಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅವಳು ನಕ್ಕು ಒಳಗೆ ಹೋದಳು. ಅವಳ ನಗುವಿನ ಅರ್ಥ ನನಗೆ ತಡವಾಗಿ ಹೊಳೆಯಿತು.

ಕಂಪ್ಯೂಟರ್ ಹತ್ತಿಕೊಂಡಿತು. ಅವಳ ಕಾಡಿನ ಆಟ ಶುರುವಾಯಿತು, ಆ ಕಂದು ಕುದುರೆ, ಹೊಳೆ, ಬೆಟ್ಟ ಎಲ್ಲ ಬಂದವು. ನನ್ನ ಕಡೆ ತಿರುಗಿ, "ಸೂಪರ್ ತಾತ!" ಎಂದಳು. ಆ ಶುಕ್ರವಾರ ನಿನಗೂ, "ಸೂಪರ್ ಅಪ್ಪ!" ಎಂದಳು. ನೀನು ಅಲ್ಲಿ ಉಬ್ಬಿದೆ, ನಾನು ಇಲ್ಲಿ ಉಬ್ಬಿದೆ. ಅಪ್ಪ ಮಗ ಇಬ್ಬರೂ ಪೂರಿಯ ಹಾಗೆ.

ಒಂದು ಮಧ್ಯಾಹ್ನ ಪೆಟ್ಟಿಗೆಯ ಕಾಲಿಗೆ ಇನ್ನೊಂದು ಕೈ ಪಾಲಿಶ್ ಹೊಡೆಯೋಣವೆಂದು ಬಟ್ಟೆ, ಸೀಸೆ ಹಿಡಿದುಕೊಂಡು ಅವಳ ಕೋಣೆಗೆ ಹೋದೆ. ನನ್ನ ರಬ್ಬರು ಚಪ್ಪಲಿ ಸದ್ದು ಮಾಡುವುದಿಲ್ಲವಲ್ಲ, ಅವಳಿಗೆ ಕೇಳಿಸಿಲ್ಲ. ಏನು ನೋಡಿದೆ ಗೊತ್ತೇ? ಹಿಂದಿನ ಹಲಗೆ ತೆಗೆದು ಗೋಡೆಗೆ ಒರಗಿಸಿಟ್ಟಿದ್ದಾಳೆ. ಕೋಣೆಗೆ ಇರುವ ಒಂದೇ ಒಂದು ಟೇಬಲ್ ಫ್ಯಾನನ್ನು ಪೆಟ್ಟಿಗೆಯ ಬೆನ್ನಿಗೆ ತಿರುಗಿಸಿಟ್ಟು, ತಾನು ಬೆವರು ಸುರಿಸಿಕೊಂಡು ಕೂತಿದ್ದಾಳೆ. ಪರದೆಯ ಮೇಲೆ ಕುದುರೆ ಕುಂಟುತ್ತಿದೆ: ಎರಡು ಹೆಜ್ಜೆ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಎಗರಿ ಮುಂದೆಲ್ಲೋ ಕಾಣಿಸುತ್ತದೆ. ನನ್ನನ್ನು ಕಂಡ ಕೂಡಲೇ ದಿಗ್ಗನೆ ಎದ್ದು ಹಲಗೆಯನ್ನು ತೋಡಿಗೆ ತೂರಿಸಲು ಹೋದಳು. ಗಾಬರಿಯಲ್ಲಿ ತಲೆಕೆಳಗಾಗಿ ಹಿಡಿದಿದ್ದಳು, ಹೋಗಲಿಲ್ಲ. ನಾನು ಪೆಟ್ಟಿಗೆಯ ಮೇಲೆ ಕೈಯಿಟ್ಟೆ. ಇಸ್ತ್ರಿಪೆಟ್ಟಿಗೆ ಮುಟ್ಟಿದ ಹಾಗಾಯಿತು.

"ಸ್ವಲ್ಪ ಬಿಸಿ ಆಗತ್ತೆ ತಾತ, ಅಷ್ಟೇ. ಪರವಾಗಿಲ್ಲ," ಎಂದು ನಕ್ಕಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಹಲಗೆಯನ್ನು ಮತ್ತೆ ಗೋಡೆಗೆ ಒರಗಿಸಿದಳು. ಯಾಕೆ ಹೇಳಲಿಲ್ಲ ಎಂದೆ. ನೆಲ ನೋಡಿಕೊಂಡು, "ನೀವು ಅಷ್ಟು ಕಷ್ಟಪಟ್ಟು ಮಾಡಿದ್ರಲ್ಲ," ಎಂದಳು. ಅಪ್ಪನಿಗಾದರೂ ಕುದುರೆ ಇನ್ನೂ ಕುಂಟುತ್ತಿದೆ ಎಂದು ಹೇಳಬಹುದಿತ್ತಲ್ಲ ಎಂದೆ. "ಅಪ್ಪ ಅಲ್ಲಿಂದ ಕಳ್ಸಿದ್ದು ತಾತ," ಎಂದಳು, ಅಷ್ಟೇ ಸಾಕು ಎನ್ನುವ ಹಾಗೆ.

ಮಗನೇ, ನನಗೆ ಸಂಕಟವಾಯಿತು. ಇವಳು ಯಾರು? ಇವಳಿಗೆ ತಕರಾರು ಎಂದು ಹೆಸರಿಟ್ಟವನು ನಾನೇ. ಹಾಲಿನ ಲೋಟ ಚಿಕ್ಕದು ಎಂದು ತಕರಾರು, ಬೂಟಿನ ದಾರ ಉದ್ದ ಎಂದು ತಕರಾರು, ಲೆಕ್ಕದ ಮೇಡಂ ಕೊಟ್ಟ ಲೆಕ್ಕವೇ ತಪ್ಪು ಎಂದು ತಕರಾರು. ನಿನ್ನ ಮೀಸೆ ಚುಚ್ಚುತ್ತದೆ ಎಂದು ಅದನ್ನು ಬೋಳಿಸುವ ತನಕ ನಿನ್ನನ್ನು ಬಿಟ್ಟವಳಲ್ಲ. ನೀನೂ ಅವಳೂ ಒಂದೇ ಕೀಬೋರ್ಡಿನಲ್ಲಿ ಕಾರಿನ ಆಟ ಆಡುವಾಗ ಅವಳ ಕಿರುಚಾಟಕ್ಕೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಆ ಹುಡುಗಿ ನೀನು ಹೋದ ಮೇಲೆ ಒಂದೂ ತಕರಾರು ಮಾಡಿಲ್ಲ. ಕೊಟ್ಟಿದ್ದು ತಿನ್ನುತ್ತಾಳೆ, ಹೇಳಿದ್ದು ಕೇಳುತ್ತಾಳೆ. ಬುದ್ಧಿ ಬಂತು, ದೊಡ್ಡವಳಾದಳು ಎಂದು ನಾನು ಎಲ್ಲರ ಹತ್ತಿರ ಹೊಗಳಿಕೊಂಡು ತಿರುಗಿದೆ. ಬುದ್ಧಿಯಲ್ಲ ಕಣೋ ಅದು. ನೀನು ದೂರ ಕೂತು ದುಡಿಯುತ್ತೀಯ, ತಾತನಿಗೆ ವಯಸ್ಸಾಗಿದೆ, ಅಮ್ಮ ದಣಿದು ಬರುತ್ತಾಳೆ ಎಂದು ನಮ್ಮೆಲ್ಲರ ಮನಸ್ಸು ಕಾಯುವ ಕೆಲಸ ಹಿಡಿದುಕೊಂಡಿದ್ದಾಳೆ. ಈ ವಯಸ್ಸಿಗೆ ಮಾಡುವ ಕೆಲಸವೇ ಅದು? ಸಂಜೆ ನಿನ್ನ ಹೆಂಡತಿಗೆ ಹೇಳಿದರೆ, "ಫ್ಯಾನ್ ವಿಷಯ ನಂಗೆ ಗೊತ್ತಿತ್ತು ಮಾವ. ನೀವು ಎಷ್ಟು ದಿನದ ಮೇಲೆ ಶಿಳ್ಳೆ ಹಾಕ್ತಾ ಕೆಲಸ ಮಾಡ್ತಿದ್ರಿ, ಹೇಗೆ ಹೇಳ್ಲಿ?" ಎಂದಳು. ನೋಡು, ಮನೆತುಂಬ ಒಳ್ಳೆಯವರೇ! ಸತ್ಯ ಹೇಳುವವರು ಮಾತ್ರ ಯಾರೂ ಇಲ್ಲ.

ನಿನ್ನೆ ಶನಿವಾರ ಮೂವರೂ ಒಂದು ಬಾಡಿಗೆ ಗಾಡಿಯಲ್ಲಿ ಪೆಟ್ಟಿಗೆ ಹಾಕಿಕೊಂಡು ಅಂಗಡಿಗೆ ಹೋದೆವು. ಆ ಮೆಟ್ಟಿಲ ಕೆಳಗಿನ ಇಕ್ಕಟ್ಟು ಅಂಗಡಿ ಹಾಗೇ ಇದೆ, ನೀನು ಡಾಕ್ಟರು ಎಂದು ಕರೆಯುತ್ತಿದ್ದ ಆ ಮನುಷ್ಯನೂ ಹಾಗೇ ಇದ್ದಾನೆ. ಈಗಲೂ ಕಂಪ್ಯೂಟರಿಗೆ ಕಿವಿಗೊಟ್ಟು ಕೇಳಿಯೇ ಬಿಚ್ಚುವುದು, ಸ್ಕ್ರೂಡ್ರೈವರಿನಿಂದಲೇ ಬೆನ್ನು ಕೆರೆದುಕೊಳ್ಳುವುದು. ನನ್ನ ಪೆಟ್ಟಿಗೆಯನ್ನು ಸವರಿ, "ತಾತ, ಇದ್ರಲ್ಲಿ ಬಟ್ಟೆ ಇಟ್ರೆ ಚೆನ್ನಾಗಿರತ್ತೆ," ಎಂದ. ನುಂಗಿಕೊಂಡೆ. ಆಮೇಲೆ ಕುದುರೆಯನ್ನು ಓಡಿಸಿ, ಪರದೆಯ ಮೂಲೆಯಲ್ಲಿ ಎರಡು ಅಂಕಿ ಬರುವ ಹಾಗೆ ಮಾಡಿ ತೋರಿಸಿದ. ಒಂದು ಪ್ರೊಸೆಸರಿನದು, ಅದು ನೂರಕ್ಕೆ ನೂರು, ಏದುಸಿರು. ಇನ್ನೊಂದು ನಿನ್ನ ಕಾರ್ಡಿನದು, ಅದು ಮೂವತ್ತು ದಾಟುವುದಿಲ್ಲ. ಮುಂದಿನ ಚಿತ್ರದಲ್ಲಿ ಏನಾಗಬೇಕು ಎಂದು ಲೆಕ್ಕ ಹಾಕಿ ಕೊಡುವುದು ಪ್ರೊಸೆಸರು, ಅದನ್ನು ಬಣ್ಣ ತುಂಬಿ ಬರೆಯುವುದು ಕಾರ್ಡು. ಲೆಕ್ಕ ಬರದೆ ಕಾರ್ಡು ಏನು ಮಾಡುತ್ತದೆ? ಕೈಕಟ್ಟಿ ಕೂತಿರುತ್ತದೆ. ಮೆಮೊರಿಯೂ ಒಂದೇ ಒಂದು ಪಟ್ಟಿ ಇದೆಯಂತೆ, ಎರಡು ಜೊತೆಯಲ್ಲಿದ್ದರೆ ಕೆಲಸ ಬೇಗ ಸಾಗುತ್ತದಂತೆ. ಇಷ್ಟೆಲ್ಲ ಸರಿಮಾಡಿದರೂ ನಮ್ಮ ಹಳೆಯ ಪರದೆ ಆ ಕಾರ್ಡು ಬರೆಯುವ ಚಿತ್ರಗಳಲ್ಲಿ ಅರ್ಧವನ್ನೂ ತೋರಿಸಲಾರದಂತೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತಾಯಿತು.

ನಿನಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕ್ರೇನಿನ ಕೊಕ್ಕೆ ಎಷ್ಟು ದೊಡ್ಡದಾದರೇನು, ಹಿಂದುಗಡೆಯ ಭಾರ ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ಏನಾಗುತ್ತದೆ ಎಂದು ನನಗೆ ಹೇಳಿಕೊಟ್ಟವನು ನೀನೇ. ಮತ್ತೆ ಹೀಗೇಕೆ ಮಾಡಿದ ಇವನು ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಡಾಕ್ಟರು, "ನಾನು ಫೋನಲ್ಲಿ ಹೇಳ್ದೆ ತಾತ, ಯಾವ ಪ್ರೊಸೆಸರ್ ಇದೆ ನೋಡಿ ಹೇಳಿ ಅಂತ. ಅವ್ರು ಕೇಳ್ಲಿಲ್ಲ, ಇರೋದ್ರಲ್ಲಿ ದೊಡ್ಡದು ಕೊಡಿ ಅಂದ್ರು," ಎಂದ. ಆ ಮಾತು ಕೇಳಿ ನನಗೆ ನಗು ಬಂತು. ಇದು ನಮ್ಮ ವಂಶದ ರೋಗ. ನಮ್ಮಪ್ಪ ಮಾಡಿದ ಮಂಚ ಕೋಣೆಯ ಬಾಗಿಲಲ್ಲಿ ಹಿಡಿಸದೆ ಕೊನೆಯ ತನಕ ನಡುಮನೆಯಲ್ಲೇ ಇತ್ತು, ನೆನಪಿದೆಯಾ? ಅವರದು ಮಂಚ, ನನ್ನದು ಪೆಟ್ಟಿಗೆ, ನಿನ್ನದು ಕಾರ್ಡು. ಆದರೆ ನಿನ್ನ ಮನಸ್ಸು ನನಗೆ ಅರ್ಥವಾಗುತ್ತದೆ. ಪಕ್ಕದಲ್ಲಿ ಕೂತು ಆಡಲಾಗದವನು ಕಳಿಸುವಾಗ ದೊಡ್ಡದನ್ನೇ ಕಳಿಸುತ್ತಾನೆ. ನಾನು ನಿನ್ನ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.

ಆಮೇಲೆ ಡಾಕ್ಟರು ತನ್ನ ಮೇಜಿನ ಮೇಲಿದ್ದ ಇನ್ನೊಂದು ಕಂಪ್ಯೂಟರಿನಲ್ಲಿ ಅದೇ ಆಟ ಹಾಕಿಕೊಟ್ಟ. ಕಾರ್ಡು ಸಾಧಾರಣದ್ದು, ಎರಡೇ ಫ್ಯಾನು, ನಿನ್ನದರ ಪಕ್ಕ ಇಟ್ಟರೆ ತಮ್ಮನ ಹಾಗೆ ಕಾಣುತ್ತದೆ. ಆದರೆ ಪ್ರೊಸೆಸರು ಅದಕ್ಕೆ ಒಪ್ಪುವಂಥದ್ದು, ಮೆಮೊರಿ ಎರಡು ಪಟ್ಟಿ. ಕುದುರೆ ಓಡಿತು ನೋಡು! ಹೊಳೆ ದಾಟಿ, ಹುಲ್ಲು ಸೀಳಿಕೊಂಡು, ಎಲ್ಲೂ ತಡೆಯಿಲ್ಲ. ಅವಳು, "ಅಯ್ಯೋ!" ಎಂದು ಕೂಗಿ ಕುರ್ಚಿಯಲ್ಲೇ ಎಗರಿದಳು. ಎಷ್ಟು ತಿಂಗಳಾಗಿತ್ತು ಆ ಕೂಗು ಕೇಳಿ. ಡಾಕ್ಟರು ಹೇಳಿದ: ನಿನ್ನ ಒಂದು ಕಾರ್ಡು ವಾಪಸು ಕೊಟ್ಟರೆ ಈ ಕಾರ್ಡು, ಈ ಪ್ರೊಸೆಸರು, ಅದಕ್ಕೆ ಬೇಕಾದ ಮದರ್‌ಬೋರ್ಡು, ಮೆಮೊರಿ ಎಲ್ಲ ಬರುತ್ತದೆ. ಹೊಸ ಪವರ್ ಸಪ್ಲೈ ಇದ್ದೇ ಇದೆ, ಅದು ಚೆನ್ನಾಗಿದೆ, ಇರಲಿ. ನಿನ್ನ ಕಾರ್ಡೇ ಬೇಕು ಎಂದು ಮದುವೆ ವಿಡಿಯೊ ಕತ್ತರಿಸಿ ಜೋಡಿಸುವ ಸ್ಟುಡಿಯೊದವರು ಅವನನ್ನು ಕೇಳುತ್ತಿದ್ದಾರೆ, ಅವರಿಗೆ ಅಂಥದ್ದು ನಿಜಕ್ಕೂ ಬೇಕು, ಅದಕ್ಕೇ ವಾಪಸು ತೆಗೆದುಕೊಳ್ಳುತ್ತಾನೆ. ಈ ತಿಂಗಳ ಕೊನೆಯವರೆಗೆ ಕಾಯುತ್ತಾನೆ. ಇಷ್ಟು ಕೇಳಿದ ಮೇಲೆ ಅವಳು ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಬೇಡ ತಾತ. ಅಪ್ಪ ಕಳ್ಸಿದ್ದೇ ಇರ್ಲಿ. ನಂಗೆ ಅದೇ ಇಷ್ಟ," ಎಂದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಬಿಸಿಗೆ ಕೆಟ್ಟರೆ ಯಾರಿಗೂ ಇಲ್ಲದಂತಾಗುತ್ತದೆ ಎಂದು ಗದರಿ, ಕಾರ್ಡು ಬಿಚ್ಚಿಸಿ ಡಬ್ಬಿಗೆ ಹಾಕಿಸಿದವನು ನಾನು. ಗಾಡಿಯಲ್ಲಿ ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಳು.

ಅವಳಿಗೆ ಬುದ್ಧಿ ಹೇಳುವ ಮುಂಚೆ ನಾನು ಏನಾದರೂ ಮಾಡಿ ತೋರಿಸಬೇಕಲ್ಲ? ಮನೆಗೆ ಬಂದವನೇ ಒಳಗಿನದೆಲ್ಲ ಖಾಲಿ ಮಾಡಿಸಿ, ಪೆಟ್ಟಿಗೆಯನ್ನು ಕೊಟ್ಟಿಗೆಗೆ ಒಯ್ದು, ಮುಂದಿನ ಹಲಗೆಗೆ ಗರಗಸ ಇಟ್ಟೆ. ಇಡೀ ಪೆಟ್ಟಿಗೆಯಲ್ಲಿ ಅದೇ ಒಳ್ಳೆಯ ಹಲಗೆ, ಒಂದೇ ಒಂದು ಗಂಟಿಲ್ಲದ್ದು. ಅವಳು ಓಡಿಬಂದು, "ಬೇಡ ತಾತ, ಪರವಾಗಿಲ್ಲ ತಾತ," ಎನ್ನುತ್ತಲೇ ಇದ್ದಳು. ನಾನು ಕೊಯ್ಯುತ್ತಲೇ ಇದ್ದೆ. ಮುಂದೆ ಗಾಳಿ ಒಳಗೆ ಬರಲು ಒಂದು ಕಿಟಕಿ, ಹಿಂದೆ ಬಿಸಿ ಹೊರಗೆ ಹೋಗಲು ಒಂದು ಕಿಟಕಿ, ಎರಡಕ್ಕೂ ತಂತಿಯ ಜಾಲರಿ. ಪೆಟ್ಟಿಗೆ ನನ್ನ ಹೆಮ್ಮೆಗಲ್ಲಮ್ಮ, ನಿನ್ನ ಕುದುರೆಗೆ. ಕುದುರೆಗೆ ಉಸಿರು ಕಟ್ಟಿದರೆ ನನ್ನ ಪಾಲಿಶ್ ಕಟ್ಟಿಕೊಂಡು ಏನು ಮಾಡಲಿ ಎಂದೆ. ಅವಳು ಮರದ ಹೊಟ್ಟಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು. ಬಹಳ ಹೊತ್ತಾದ ಮೇಲೆ, ಮೆಲ್ಲಗೆ, ಒಂದು ಕಣ್ಣು ಮುಚ್ಚಿ ನೋಡಿ, "ತಾತ, ಆ ಕಿಟಕಿ ಸೊಟ್ಟ ಇದೆ," ಎಂದಳು.

ಸೊಟ್ಟ ಇತ್ತು ಕಣೋ. ಎಡಗಡೆ ಒಂದು ಅಕ್ಕಿಕಾಳಿನಷ್ಟು ಇಳಿದಿತ್ತು. ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಮಂಡಿ ಬಿಟ್ಟಿದ್ದರೆ ಎದ್ದು ಕುಣಿದುಬಿಡುತ್ತಿದ್ದೆ. ಉಜ್ಜಿ ಸರಿ ಮಾಡಿದೆ. ಆಗ ಜಾಲರಿಯ ಬಣ್ಣ ಚೆನ್ನಾಗಿಲ್ಲ, ಕೋಳಿಗೂಡಿನ ಹಾಗಿದೆ ಎಂದಳು. ಕಪ್ಪು ಬಣ್ಣ ಹೊಡೆದೆ. ಆಮೇಲೆ ಕಾಲು ಗಿಡ್ಡವಾಯಿತು, ಕೆಳಗಿನಿಂದ ಗಾಳಿ ಹೋಗುವುದಿಲ್ಲ ಎಂದಳು. ಒಂದೇ ಸಂಜೆಗೆ ಮೂರು ತಕರಾರು! ನಿನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡು ನಗುತ್ತಿದ್ದಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಈಗ ಉಳಿದಿರುವುದು ನಿನ್ನ ಕಾರ್ಡಿನ ಮಾತು. ಅದನ್ನು ನಾನು ಆಡಿದರೆ ಅವಳು ಒಪ್ಪುವುದಿಲ್ಲ, ಅವಳ ಅಮ್ಮ ಆಡಿದರೂ ಒಪ್ಪುವುದಿಲ್ಲ. ಕೊಟ್ಟವನೇ ಹೇಳಬೇಕು. ನಿಮ್ಮಲ್ಲಿಗೆ ಸಾಮಾನು ತರುವ ಗುರುವಾರದ ದೋಣಿಯಲ್ಲಿ ಈ ಕಾಗದ ನಿನಗೆ ಸಿಕ್ಕರೆ, ಮರುದಿನವೇ ಶುಕ್ರವಾರ. ಫೋನು ಮಾಡಿದಾಗ, ನೀನಾಗಿಯೇ, ಕುದುರೆ ಇನ್ನೂ ಕುಂಟುತ್ತಿದೆಯಂತಲ್ಲ, ಆ ದೊಡ್ಡದನ್ನು ಕೊಟ್ಟು ಹೊಂದುವಂಥದ್ದು ತಂದುಕೋ ಎಂದು ಹೇಳು. ನನಗೆ ಬೇಜಾರಿಲ್ಲಮ್ಮ ಎಂದು ಮುಖ ಸಪ್ಪಗೆ ಮಾಡಿಕೊಂಡು ಹೇಳಬೇಡ, ಅವಳು ಥಟ್ಟನೆ ಕಂಡುಹಿಡಿಯುತ್ತಾಳೆ. ನಗುತ್ತಾ ಹೇಳು. ಮುತ್ತಾತನ ಮಂಚದ ಕಥೆಯನ್ನೂ ಹೇಳು. ಯಾವ ಯಾವ ಭಾಗ ಬೇಕು ಎಂದು ಅವಳನ್ನೇ ಕೇಳಿ, ಅವಳು ಪೂರ್ತಿ ಹೇಳಿ ಮುಗಿಸುವ ತನಕ ಕಾಯಿ. ಚಿತ್ರ ನಿಂತುಹೋದರೆ ಮತ್ತೆ ಫೋನು ಮಾಡು.

ಬಿಸಿನೀರಿನ ಚೀಲ ಮರೆಯಬೇಡ. ಎತ್ತರದಲ್ಲಿ ಕೆಲಸ, ಗಾಳಿ ಜೋರಾದ ದಿನ ಹಟ ಮಾಡದೆ ಕೆಳಗಿಳಿ. ನಿನ್ನ ಹೆಂಡತಿ ಬೇರೆ ಕಾಗದ ಬರೆಯುತ್ತಾಳಂತೆ, ನನಗೆ ತೋರಿಸುವುದಿಲ್ಲವಂತೆ, ಸರಿಯಪ್ಪ. ನಿಮ್ಮಮ್ಮ ಇದ್ದಿದ್ದರೆ ಹೇಳುತ್ತಿದ್ದ ಮಾತನ್ನೇ ನಾನೂ ಹೇಳುತ್ತೇನೆ: ಹೊತ್ತಿಗೆ ಸರಿಯಾಗಿ ಉಣ್ಣು, ನೆಮ್ಮದಿಯಾಗಿ ಮಲಗು, ನೂರು ಕಾಲ ಚೆನ್ನಾಗಿ ಬಾಳು.

ಇಂತಿ ನಿನ್ನ
ಅಪ್ಪ

ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತಿರಲಿಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ಹೋದ ಶುಕ್ರವಾರ ನೀನು ಫೋನಿನಲ್ಲಿ, ಇನ್ನೂ ಎರಡು ವರ್ಷ ಇಲ್ಲೇ ಇರು ಎನ್ನುತ್ತಿದ್ದಾರೆ, ಸಂಬಳ ಹೆಚ್ಚು ಮಾಡುತ್ತಾರೆ, ಇರಲಾ ಎಂದು ಅವಳನ್ನು ಕೇಳಿದೆಯಲ್ಲ. ಅವಳು ನಗುತ್ತಾ, "ಇರು ಅಪ್ಪ, ಪರವಾಗಿಲ್ಲ," ಎಂದಳಲ್ಲ. ನೀನು ಸಮಾಧಾನದಿಂದ ಫೋನಿಟ್ಟೆ. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಹಲಗೆ ತಲೆಕೆಳಗಾಗಿ ಹಿಡಿದುಕೊಂಡು ನನಗೆ ಹೇಳಿದ್ದೂ ಇದೇ "ಪರವಾಗಿಲ್ಲ", ಇದೇ ದನಿ, ಇದೇ ನಗು. ಆ ಎರಡು ವರ್ಷಕ್ಕೆ ಸಹಿ ಹಾಕುವ ಮುಂಚೆ ಹಿಂದಿನ ಹಲಗೆ ತೆಗೆದು ನೋಡು. ಅವತ್ತು ನಾನೂ, ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡಪ್ಪ ಎಂದೆ. ಅದೂ ಸುಳ್ಳು. ನನಗೆ ತಕರಾರಿದೆ. ಮನೆಗೆ ಬಾ.